ಬಳ್ಳಾರಿ ಜಾಲಿ, ನೀಲಗಿರಿ, ಗೋಡೆಯ ಅರಳಿ: ಬೇಡದ ಮರ ತೆಗೆಯುವುದು, ಮತ್ತೆ ಚಿಗುರದಂತೆ ನೋಡಿಕೊಳ್ಳುವುದು – ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ ಜಾಲಿಯನ್ನು ಎಷ್ಟು ಸಲ ಕಡಿದರೂ ಮತ್ತೆ ಚಿಗುರುತ್ತದಲ್ಲ, ಏಕೆ?

ಕಡಿಯುವುದು ಮರಕ್ಕೆ ಸಾವಲ್ಲ, ಕ್ಷೌರ. ಬುಡ ಬಗೆದು ಒಮ್ಮೆ ನೋಡಿ. ಕಾಂಡ ಮಣ್ಣಿಗೆ ಇಳಿಯುವ ಜಾಗದಲ್ಲಿ ಗಂಟುಗಂಟಾದ ಒಂದು ದಪ್ಪ ಭಾಗ ಇರುತ್ತದೆ. ಅದರ ಮೈಮೇಲೆ ಕಣ್ಣುಗಳು, ಅಂದರೆ ಚಿಗುರೊಡೆಯುವ ಮೊಗ್ಗುಗಳು, ಮಲಗಿರುತ್ತವೆ. ಮೇಲಿನ ಮರ ಇರುವವರೆಗೆ ತುದಿಯ ಚಿಗುರುಗಳು ಈ ಕಣ್ಣುಗಳನ್ನು ಏಳಗೊಡುವುದಿಲ್ಲ. ತುದಿ ಹೋದ ಕೂಡಲೇ ಎಲ್ಲ ಒಟ್ಟಿಗೆ ಏಳುತ್ತವೆ. ಒಂದು ಕಾಂಡ ಇದ್ದಲ್ಲಿ ಎಂಟು-ಹತ್ತು ಕಾಂಡಗಳ ಪೊದೆ ಆಗುವುದು ಹೀಗೆ. ಬೇರಿನಲ್ಲಿ ಕೂಡಿಟ್ಟ ಪಿಷ್ಟ ಇದ್ದೇ ಇರುತ್ತದೆ, ಬೇರು ನೀರಿನವರೆಗೆ ಇಳಿದೂ ಆಗಿರುತ್ತದೆ. ಹಾಗಾಗಿ ಬರಗಾಲದಲ್ಲೂ ಚಿಗುರು ಒಣಗುವುದಿಲ್ಲ.

ಆದ್ದರಿಂದ ಯಾವ ಮರ ತೆಗೆಯುವಾಗಲೂ ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ: ಇದರ ಕಣ್ಣು ಎಲ್ಲಿದೆ? ಜಾಲಿಗೆ ಬುಡದ ಗಂಟಿನಲ್ಲಿ. ನೀಲಗಿರಿಗೆ ಬೊಡ್ಡೆಯ ತೊಗಟೆಯೊಳಗೆ ಮತ್ತು ನೆಲಮಟ್ಟದ ಉಬ್ಬಿನಲ್ಲಿ. ಹೊಂಗೆ, ಬಿಲ್ವಪತ್ರೆ, ಆಕಾಶಮಲ್ಲಿಗೆ ಇಂಥವಕ್ಕೆ ನೆಲದಡಿ ಹರಿದ ಬೇರಿನ ಉದ್ದಕ್ಕೂ. ತೆಂಗಿಗೆ ನೆತ್ತಿಯಲ್ಲಿ ಒಂದೇ ಒಂದು. ಕಣ್ಣಿರುವ ಜಾಗ ಹೋಗದೆ ಉಳಿದದ್ದೆಲ್ಲ ಹೋದರೂ ಕೆಲಸ ಮುಗಿದಂತಲ್ಲ.

ನಮ್ಮ ಬದುವಿನಲ್ಲಿರುವುದು ಬಳ್ಳಾರಿ ಜಾಲಿಯೇ, ಕರಿಜಾಲಿಯೇ, ಬನ್ನಿಯೇ? ಹೇಗೆ ಗುರುತಿಸುವುದು?

ಕಡಿಯುವ ಮೊದಲು ಇದನ್ನು ಖಚಿತ ಮಾಡಿಕೊಳ್ಳಿ. ಮೂರಕ್ಕೂ ಮುಳ್ಳಿದೆ, ಮೂರರ ಎಲೆಯೂ ಸಣ್ಣದು. ಈ ಗೊಂದಲದಲ್ಲಿ ಬನ್ನಿಗೇ ಕೊಡಲಿ ಬೀಳುವುದುಂಟು.

ಬಳ್ಳಾರಿ ಜಾಲಿಯ ಹೂವು ಬೆರಳುದ್ದದ ಹಳದಿ-ಹಸಿರು ತೆನೆ. ಕಾಯಿ ಹಣ್ಣಾದಾಗ ತಿಳಿ ಹಳದಿ, ತುಸು ಬಾಗಿದ್ದು, ಸಿಹಿ. ಮುಳ್ಳು ಎಲೆ ಹೊರಡುವ ಗೆಣ್ಣಿನಲ್ಲಿ, ಹೆಚ್ಚಾಗಿ ಜೋಡಿಯಾಗಿ. ಕರಿಜಾಲಿಯ ಹೂವು ಗುಂಡನೆಯ ಹಳದಿ ಚೆಂಡು. ಕಾಯಿ ಬೂದು ಬಣ್ಣದ ಮಣಿಸರದಂತೆ ಬೀಜಬೀಜದ ನಡುವೆ ಕಿರಿದಾಗಿರುತ್ತದೆ. ಬನ್ನಿಗೆ ಮುಳ್ಳು ಗಿಡ್ಡ, ಬುಡ ಅಗಲ, ಗೆಣ್ಣುಗಳ ನಡುವೆ ಅಲ್ಲಲ್ಲಿ ಚದುರಿರುತ್ತದೆ. ಬನ್ನಿಯೂ ಬಳ್ಳಾರಿ ಜಾಲಿಯೂ ಹತ್ತಿರದ ನೆಂಟರಾದರೂ ಗುಣ ಬೇರೆ. ಬನ್ನಿ ಈ ನೆಲದ್ದು, ಅದರಡಿ ಬೆಳೆ ಬರುತ್ತದೆ. ಬಳ್ಳಾರಿ ಜಾಲಿ ಅಮೆರಿಕ ಖಂಡದಿಂದ 19ನೇ ಶತಮಾನದಲ್ಲಿ ಸೌದೆಗೆಂದು ತಂದದ್ದು. ಕಛ್‌ನಲ್ಲಿ ಇದಕ್ಕೆ 'ಗಾಂಡೋ ಬಾವಳ್', ಅಂದರೆ ಹುಚ್ಚು ಜಾಲಿ ಎಂಬ ಹೆಸರು. ಪೆಟ್ಟು ತಿಂದವರು ಇಟ್ಟ ಹೆಸರೇ ಇರಬೇಕು.

ಕಡಿಯಲು ಅನುಮತಿ ಬೇಕೇ?

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಸ್ವಂತ ಜಮೀನಿನ ಮರಕ್ಕೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಬಳ್ಳಾರಿ ಜಾಲಿ, ನೀಲಗಿರಿ, ಸರ್ವೆ, ಸುಬಾಬುಲ್, ಗ್ಲಿರಿಸಿಡಿಯಾ, ಸಿಲ್ವರ್ ಓಕ್, ತೆಂಗು ಆ ಪಟ್ಟಿಯಲ್ಲಿವೆ. ಪಟ್ಟಿ ತಿದ್ದುಪಡಿ ಆಗುತ್ತಿರುತ್ತದೆ. ಆದ್ದರಿಂದ ಮರ ಕಡಿಯುವ ಮೊದಲು, ಕಡಿದದ್ದನ್ನು ಸಾಗಿಸುವ ಮೊದಲು, ನಿಮ್ಮ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಸರ್ವೆ ನಂಬರ್ ಕೊಟ್ಟು ವಿಚಾರಿಸಿ. ನಗರದೊಳಗಿದ್ದರೆ ವಿನಾಯಿತಿ ಇದೆ ಎಂದು ಊಹಿಸಿಕೊಂಡು ಕೊಡಲಿ ಎತ್ತಬೇಡಿ.

ಗೋಮಾಳ, ಕೆರೆ ಅಂಗಳ, ರಸ್ತೆ ಬದಿಯದು ಜಾಲಿಯೇ ಆದರೂ ನಿಮ್ಮದಲ್ಲ. ಪಂಚಾಯಿತಿಗೆ ಅರ್ಜಿ ಕೊಡಿ.

ಯಾವ ತಿಂಗಳಲ್ಲಿ ಕೈ ಹಾಕುವುದು ಒಳ್ಳೆಯದು?

ಏನು ಮಾಡುತ್ತೀರಿ ಎಂಬುದರ ಮೇಲೆ ನಿಂತಿದೆ. ಬೇರು ಕೀಳುವುದಾದರೆ ಒಂದೆರಡು ಹದ ಮಳೆ ಬಿದ್ದ ಮೇಲೆ, ಜೂನ್‌ನಲ್ಲಿ. ಎರೆಮಣ್ಣಾದರೆ ಮಳೆ ನಿಂತು ನಾಲ್ಕೈದು ದಿನ ಕಾಯಬೇಕು. ಇಲ್ಲದಿದ್ದರೆ ಮಣ್ಣು ಸಲಿಕೆಗೂ ಅಂಟುತ್ತದೆ, ಯಂತ್ರದ ಚಕ್ರಕ್ಕೂ ಅಂಟುತ್ತದೆ. ಬೊಡ್ಡೆಗೆ ಔಷಧಿ, ಅಂದರೆ ಕಳೆನಾಶಕ, ಹಚ್ಚುವುದಾದರೆ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ. ಆಗ ಎಲೆಯಲ್ಲಿ ತಯಾರಾದ ಸಕ್ಕರೆ ಬೇರಿನ ಕಡೆ ಇಳಿಯುತ್ತಿರುತ್ತದೆ, ಔಷಧಿಯೂ ಅದರ ಜೊತೆ ಇಳಿಯುತ್ತದೆ. ಫೆಬ್ರುವರಿ-ಮಾರ್ಚ್‌ನಲ್ಲಿ ಮರ ಹೊಸ ಚಿಗುರಿಗೆ ರಸ ಮೇಲೆತ್ತುತ್ತಿರುವಾಗ ಹಚ್ಚಿದ್ದು ಬೇರಿಗೆ ಮುಟ್ಟುವುದು ಕಡಿಮೆ.

ಔಷಧಿಯೂ ಬೇಡ, ಯಂತ್ರವೂ ಬೇಡ, ಕಡಿಕಡಿದೇ ಸಾಯಿಸುತ್ತೇನೆ ಎನ್ನುವವರು ಹೊಸ ಎಲೆ ಪೂರ್ತಿ ಬಿಚ್ಚಿದ ಹೊತ್ತಿಗೆ ಶುರು ಮಾಡಿ. ಬೇರಿನ ದಾಸ್ತಾನು ಆಗ ತಳ ಕಂಡಿರುತ್ತದೆ. ನಂತರ ಚಿಗುರು ಮೊಣಕಾಲೆತ್ತರ ಬಂದಾಗಲೆಲ್ಲ, ಅಂದರೆ ಮಳೆಗಾಲದಲ್ಲಿ ಐದಾರು ವಾರಕ್ಕೊಮ್ಮೆ, ಬುಡದಿಂದ ಮುರಿದು ಹಾಕಬೇಕು. ಒಂದು ಸುತ್ತು ತಪ್ಪಿದರೆ ಎಲೆಗಳು ಬೇರಿಗೆ ಸಾಲ ತೀರಿಸಿಬಿಡುತ್ತವೆ, ನೀವು ಮೊದಲ ಮೆಟ್ಟಿಲಿಗೆ. ಎರಡು ವರ್ಷದ ಬದ್ಧತೆ ಇದ್ದರೆ ಮಾತ್ರ ಈ ದಾರಿ ಹಿಡಿಯಿರಿ.

ಕೈಯಿಂದ ಬೊಡ್ಡೆ ಕೀಳುವುದು ಹೇಗೆ? ಬೇರು ಪೂರ್ತಿ ತೆಗೆಯಬೇಕೇ?

ಪೂರ್ತಿ ಬೇಕಿಲ್ಲ, ಪೂರ್ತಿ ತೆಗೆಯಲು ಆಗುವುದೂ ಇಲ್ಲ. ಜಾಲಿಯ ತಾಯಿಬೇರು ಎಷ್ಟು ಆಳಕ್ಕೆ ಹೋಗಿದೆ ಎಂದು ಹುಡುಕುತ್ತ ಹೋದರೆ ಬಾವಿಯೇ ಆದೀತು. ಕಣ್ಣಿರುವ ಗಂಟು ಬಂದರೆ ಸಾಕು. ತೊಡೆ ದಪ್ಪದವರೆಗಿನ ಕಾಂಡಕ್ಕೆ ಕ್ರಮ ಹೀಗೆ:

1. ಮೊದಲು ರೆಂಬೆಗಳನ್ನು ಮಚ್ಚಿನಿಂದ ಸವರಿ, ಮುಳ್ಳನ್ನು ಒಂದು ಕಡೆ ರಾಶಿ ಹಾಕಿ. ಕೆಲಸದ ಜಾಗದಲ್ಲಿ ಒಂದು ಮುಳ್ಳುಕಡ್ಡಿಯೂ ಬಿದ್ದಿರಬಾರದು.
2. ಕಾಂಡವನ್ನು ಎದೆಮಟ್ಟಕ್ಕೆ ಕಡಿಯಿರಿ, ನೆಲಮಟ್ಟಕ್ಕಲ್ಲ. ಈ ಮೂರು-ನಾಲ್ಕು ಅಡಿ ಮೋಟೇ ಕೊನೆಯಲ್ಲಿ ಅಲುಗಾಡಿಸಿ ಬೀಳಿಸಲು ನಿಮ್ಮ ಸನ್ನೆಕೋಲು.
3. ಕಾಂಡದಿಂದ ಒಂದೂವರೆ ಅಡಿ ದೂರದಲ್ಲಿ ಸುತ್ತ ಒಂದೂವರೆ ಅಡಿ ಆಳದ ಗುಂಡಿ ತೋಡಿ. ಮಣ್ಣು ಗಟ್ಟಿಯಿದ್ದರೆ ಹಿಂದಿನ ಸಂಜೆ ಎರಡು-ಮೂರು ಕೊಡ ನೀರು ಬಿಡಿ.
4. ಸಿಕ್ಕ ಪಕ್ಕದ ಬೇರುಗಳನ್ನು ಎರಡು ಕಡೆ ಕಡಿದು ನಡುವಿನ ತುಂಡು ತೆಗೆಯಿರಿ. ಒಂದೇ ಕಡೆ ಕಡಿದರೆ ತುದಿ ಗುಂಡಿಯಲ್ಲೇ ಚಾಚಿಕೊಂಡು ಕೊಡಲಿ ಆಡಿಸಲು ಬಿಡುವುದಿಲ್ಲ.
5. ತಾಯಿಬೇರನ್ನು ಗಂಟಿನ ಕೆಳಗೆ, ನೆಲಮಟ್ಟದಿಂದ ಕನಿಷ್ಠ 30 ಸೆಂ.ಮೀ. ಆಳದಲ್ಲಿ ಕಡಿಯಿರಿ. ಗಂಟು ಮುಗಿದು ಬೇರು ನಯವಾಗಿ, ಒಂದೇ ದಪ್ಪವಾಗಿ ಇಳಿಯುವ ಜಾಗ ಕಣ್ಣಿಗೆ ಕಾಣುತ್ತದೆ. ಅದರಿಂದ ನಾಲ್ಕು ಬೆರಳು ಕೆಳಗೆ ಏಟು ಬೀಳಲಿ.
6. ಕಿತ್ತ ಬೊಡ್ಡೆಯನ್ನು ತಲೆಕೆಳಗಾಗಿಸಿ ಬಿಸಿಲಿಗೆ ಇಡಿ. ಹಸಿ ಮಣ್ಣಿಗೆ ತಾಗಿ ಮಲಗಿದ್ದರೆ ಮಳೆಗಾಲದಲ್ಲಿ ಅಲ್ಲೇ ಚಿಗುರಬಹುದು.

ಕೆಲಸ ಕೆಡುವುದು ಐದನೆಯದರಲ್ಲಿ. ದಣಿವಾಗಿ ಆರೇಳು ಇಂಚಿಗೇ ಕಡಿದು ಮಣ್ಣು ಮುಚ್ಚುತ್ತಾರೆ. ಮುಂದಿನ ಮಳೆಗೆ ಗುಂಡಿ ತೋಡಿದ ಜಾಗದಲ್ಲೇ ಚಿಗುರು, ಮೆತ್ತನೆಯ ಮಣ್ಣು ಸಿಕ್ಕಿದ ಖುಷಿಗೆ ಇನ್ನೂ ಜೋರಾಗಿ. ಕಾಡಿನ ಲಂಟಾನಕ್ಕೂ ಇದೇ ತತ್ವ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಸಂಗಡಿಗರು ರೂಪಿಸಿದ ಕ್ರಮದಲ್ಲಿ ಪೊದೆಯನ್ನು ಸವರುವುದಿಲ್ಲ. ತಾಯಿಬೇರನ್ನು ಚಿಗುರುವ ಭಾಗದ ಕೆಳಗೆ ಕಡಿದು ಪೊದೆಯನ್ನು ಬುಡ ಮೇಲಾಗಿ ಮಗುಚುತ್ತಾರೆ. ಲಂಟಾನಕ್ಕೆ 3ರಿಂದ 5 ಸೆಂ.ಮೀ. ಆಳ ಸಾಕು, ಜಾಲಿಗೆ ಸಾಲದು.

ಜೆಸಿಬಿ ತಂದರೆ ಎಲ್ಲ ಸರಿಹೋಗುತ್ತದೆಯೇ?

ಚಾಲಕನ ಮೇಲೆ ಹೋಗುತ್ತದೆ. ಗಂಟೆ ಲೆಕ್ಕದ ಕೆಲಸವಾದ್ದರಿಂದ ಬಕೆಟ್‌ನಿಂದ ಮರವನ್ನು ತಳ್ಳಿ ಮುರಿಯುವುದು ಎಲ್ಲರಿಗೂ ಸಲೀಸು. ಹಾಗೆ ಮುರಿದರೆ ಗಂಟು ಮಣ್ಣಲ್ಲೇ ಉಳಿಯುತ್ತದೆ, ನೀವು ಕಾಸು ಕೊಟ್ಟು ಕ್ಷೌರ ಮಾಡಿಸಿದಂತೆ. ಚಾಲಕನಿಗೆ ಮೊದಲೇ ಹೇಳಿ: ಹಿಂದಿನ ಬಕೆಟ್‌ನಿಂದ ಎರಡು ಕಡೆ ಎರಡು ಅಡಿ ಆಳ ಬಗೆದು, ಬೇರು ಕತ್ತರಿಸಿ, ಆಮೇಲೆ ಗಂಟಿನ ಸಮೇತ ಎತ್ತಬೇಕು. ಯಂತ್ರ ಬರುವ ಮುನ್ನ ಮರವನ್ನು ನೆಲಮಟ್ಟಕ್ಕೆ ಕಡಿದು 'ತಯಾರಿ' ಮಾಡಬೇಡಿ. ಹಿಡಿಯಲು ಮೋಟು ಇಲ್ಲದಿದ್ದರೆ ಯಂತ್ರ ದುಪ್ಪಟ್ಟು ಹೊತ್ತು ತಿನ್ನುತ್ತದೆ. ಕಿತ್ತ ಬೊಡ್ಡೆಗಳನ್ನು ಹೊರಳಿಸಿ ಗಂಟು ಬಂದಿದೆಯೇ ನೋಡಿಯೇ ಲೆಕ್ಕ ಚುಕ್ತಾ ಮಾಡಿ.

ಗುಂಡಿ ಮುಚ್ಚುವಾಗ ಅಡಿಮಣ್ಣು ಅಡಿಗೆ, ಮೇಲ್ಮಣ್ಣು ಮೇಲಕ್ಕೆ. ಇದು ತಿರುಗಾಮುರುಗಾ ಆದರೆ ಆ ಜಾಗದಲ್ಲಿ ಎರಡು-ಮೂರು ವರ್ಷ ಬೆಳೆ ಕುಂಟುತ್ತದೆ. ತಲೆ ಮೇಲೆ ವಿದ್ಯುತ್ ತಂತಿ ಹಾದಿದ್ದರೆ ಲೈನ್‌ಮನ್‌ಗೆ ಹೇಳಿ ಲೈನ್ ತೆಗೆಸಿಯೇ ಕೆಲಸ ಶುರು ಮಾಡಿ.

ಬೊಡ್ಡೆಗೆ ಕಳೆನಾಶಕ ಹಚ್ಚಬಹುದೇ? ಎಷ್ಟು, ಹೇಗೆ?

ಮೊದಲು ನಿಯಮ. ಗ್ಲೈಫೋಸೇಟ್ ಎಂಬ ಕಳೆನಾಶಕದ ಬಳಕೆಯನ್ನು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ನಿರ್ಬಂಧಿಸಿತು. ಪರವಾನಗಿ ಪಡೆದ ಕೀಟ ನಿಯಂತ್ರಣ ನಿರ್ವಾಹಕರ ಮೂಲಕವೇ ಬಳಸಬೇಕೆಂಬುದು ಆ ಆದೇಶ. ರೈತ ಸಂಪರ್ಕ ಕೇಂದ್ರದಲ್ಲಿ ಈಗಿನ ಸ್ಥಿತಿ ಕೇಳಿ, ಡಬ್ಬದ ಮೇಲಿನ ಚೀಟಿ ಓದಿ, ಆಮೇಲೆ ಮುಂದುವರಿಯಿರಿ. ಕೆಳಗಿನದು ಕೆಲಸ ಮಾಡಿಸುವಾಗ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಿಕೊಳ್ಳಲು.

ಬೊಡ್ಡೆಯನ್ನು ನೆಲದಿಂದ ಎರಡು-ಮೂರು ಇಂಚು ಬಿಟ್ಟು ಮಟ್ಟಸವಾಗಿ ಕೊಯ್ಯಬೇಕು. ಓರೆಯಾದರೆ ದ್ರಾವಣ ಒಂದು ಕಡೆಗೇ ಇಳಿಯುತ್ತದೆ. ಮರದ ಪುಡಿ ಒರೆಸಿ. ಈಗ ಕೊಯ್ದ ಮುಖ ನೋಡಿ: ನಡುವೆ ಕಂದು ಬಣ್ಣದ ಚೇಗು, ಅದು ಸತ್ತ ಕಟ್ಟಿಗೆ, ಅಲ್ಲಿಗೆ ಸುರಿದದ್ದು ವ್ಯರ್ಥ. ತೊಗಟೆಯ ಒಳಗೆ ಅಂಟಿಕೊಂಡಂತೆ ಒಂದು ತೇವದ ಉಂಗುರ ಕಾಣುತ್ತದೆ. ಜೀವ ಇರುವುದು ಅಲ್ಲಿ. 41% ಗ್ಲೈಫೋಸೇಟ್ ದ್ರಾವಣಕ್ಕೆ ಅಷ್ಟೇ ಶುದ್ಧ ನೀರು ಬೆರೆಸಿ, ಒಂದಿಂಚಿನ ಬಣ್ಣದ ಬ್ರಷ್‌ನಿಂದ ಆ ಹೊರಗಿನ ಒಂದು ಇಂಚಿನ ಉಂಗುರ ಪೂರ್ತಿ ತೊಯ್ಯುವಂತೆ ಹಚ್ಚಬೇಕು, ಕೆಳಗೆ ಹರಿಯುವಷ್ಟಲ್ಲ. ಆರು ಇಂಚು ಅಡ್ಡಳತೆಯ ಬೊಡ್ಡೆಗೆ 15-20 ಮಿ.ಲೀ. ಸಾಕು.

ಕೊಯ್ದು ಐದು ನಿಮಿಷದೊಳಗೆ ಹಚ್ಚಬೇಕು, ಇದೇ ಎಲ್ಲಕ್ಕಿಂತ ಮುಖ್ಯ. ಗಾಯ ತೆರೆದ ಕೂಡಲೇ ಮರ ನಾಳಗಳನ್ನು ಮುಚ್ಚಿಕೊಳ್ಳಲು ತೊಡಗುತ್ತದೆ. ಬೆಳಿಗ್ಗೆಯೆಲ್ಲ ಕಡಿದು ಊಟ ಮುಗಿಸಿ ಬಂದು ಹಚ್ಚಿದವರೇ 'ಔಷಧಿ ಕೆಲಸ ಮಾಡಲ್ಲ' ಎನ್ನುವುದು. ಒಬ್ಬರು ಕೊಯ್ಯಲಿ, ಹಿಂದೆಯೇ ಇನ್ನೊಬ್ಬರು ಬ್ರಷ್ ಹಿಡಿದು ನಡೆಯಲಿ.

ಇನ್ನು ಕೆಲವು ತಪ್ಪುಗಳು. ಕೆರೆಯ ಕೆಸರು ನೀರು ಬೆರೆಸಿದರೆ ಗ್ಲೈಫೋಸೇಟ್ ಮಣ್ಣಿನ ಕಣಕ್ಕೆ ಅಂಟಿ ನಿಷ್ಕ್ರಿಯವಾಗುತ್ತದೆ. ತಗಡಿನ ಬಕೆಟ್‌ನಲ್ಲಿ ಕಲಸಬಾರದು, ಸತು ಲೇಪನದೊಂದಿಗೆ ಪ್ರತಿಕ್ರಿಯಿಸುತ್ತದೆ, ಪ್ಲಾಸ್ಟಿಕ್ ಇರಲಿ. ಆರು ಗಂಟೆ ಮಳೆ ಬರಬಾರದು. ಯಾವ ಬೊಡ್ಡೆಗೆ ಹಚ್ಚಿಯಾಯಿತು ಎಂದು ತಿಳಿಯಲು ಸ್ವಲ್ಪ ಬಟ್ಟೆಯ ನೀಲಿ ಬೆರೆಸಿ. ಗವಸು, ಕನ್ನಡಕ, ಬೂಟು ಬೇಕೇ ಬೇಕು. ಜಾಲಿಗೆ ಒಂದೇ ಸಲಕ್ಕೆ ಮುಗಿಯುತ್ತದೆ ಎಂಬ ಭರವಸೆ ಬೇಡ. ಎರಡು-ಮೂರು ತಿಂಗಳ ನಂತರ ಒಂದಷ್ಟು ಬೊಡ್ಡೆ ಚಿಗುರಿಯೇ ಚಿಗುರುತ್ತವೆ, ಅವನ್ನು ಮತ್ತೆ ಕೊಯ್ದು ಹಚ್ಚಬೇಕು ಇಲ್ಲವೇ ಕೀಳಬೇಕು. ಹೀಗಾಗಿ ಜಾಲಿಗೆ ನಮ್ಮ ಮೊದಲ ಆಯ್ಕೆ ಪಿಕಾಸಿಯೇ.

ಪ್ಯಾರಾಕ್ವಾಟ್ ಎಂಬ ಇನ್ನೊಂದು ಕಳೆನಾಶಕ ಹಚ್ಚುವವರೂ ಇದ್ದಾರೆ. ಅದು ತಾಗಿದ ಹಸಿರನ್ನು ಸುಡುತ್ತದೆಯೇ ಹೊರತು ಬೇರಿಗೆ ಇಳಿಯುವುದಿಲ್ಲ. ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷವೂ ಇಲ್ಲ. ಮನೆಯಲ್ಲಿ ಇಡಲೇಬೇಡಿ. 2,4-ಡಿ ಎಂಬ ಕಳೆನಾಶಕ ಸಿಂಪಡಿಸಿದರೆ ಗಾಳಿಯಲ್ಲಿ ತೇಲಿ ಪಕ್ಕದ ಹೊಲದ ಹತ್ತಿ, ತೊಗರಿ, ದ್ರಾಕ್ಷಿಯ ಎಲೆ ಮುರುಟುತ್ತದೆ. ರಾಯಚೂರು, ಬಳ್ಳಾರಿ ಕಡೆಯ ಹತ್ತಿ ಹೊಲಗಳ ನಡುವೆ ಅದು ಜಗಳಕ್ಕೆ ದಾರಿ.

ಉಪ್ಪು, ಇಂಗು, ಆಸಿಡ್, ಡೀಸೆಲ್, ತಾಮ್ರದ ಮೊಳೆ?

ತಾಮ್ರದ ಮೊಳೆಯಿಂದ ಮರ ಸಾಯುವುದಿಲ್ಲ, ಮೊಳೆ ಹೋಯಿತು ಅಷ್ಟೇ. ತೂತು ಕೊರೆದು ಇಂಗು ತುಂಬಿದಾಗ ಮರ ಒಣಗಿದ್ದರೆ ಒಣಗಿಸಿದ್ದು ಹೆಚ್ಚಾಗಿ ತೂತು, ಇಂಗಲ್ಲ. ಉಪ್ಪು ಕಿಲೋಗಟ್ಟಲೆ ಹಾಕಿದರೆ ಮರಕ್ಕೆ ತೊಂದರೆಯಾಗುವುದು ನಿಜ, ಅದಕ್ಕೂ ಮೊದಲು ಮಣ್ಣು ಕೆಡುತ್ತದೆ. ಮೇಲಾಗಿ ಬಳ್ಳಾರಿ ಜಾಲಿ ಚೌಳು ನೆಲದಲ್ಲೇ ಸುಖವಾಗಿ ಬೆಳೆಯುವ ಗಿಡ. ಅದಕ್ಕೆ ಉಪ್ಪು ಹಾಕಿ ಹೆದರಿಸುವುದು ಮೀನಿಗೆ ನೀರು ಎರಚಿದಂತೆ. ಡೀಸೆಲ್, ಹಳೆ ಎಂಜಿನ್ ಆಯಿಲ್ ಬುಡಕ್ಕೆ ಸುರಿದರೆ ಕೊಳವೆಬಾವಿಯ ನೀರಿಗೇ ಕುತ್ತು. ಆಸಿಡ್ ಬೇಡ.

ತೊಗಟೆ ಸುಲಿದು ನಿಲ್ಲಿಸಿದರೆ ಮರ ಒಣಗುತ್ತದಂತೆ?

ಒಣಗುತ್ತದೆ, ಕೆಲವು ಮಾತ್ರ. ಕಿರಿದಾದ ಉಂಗುರ ಸಾಲದು. ಒಂದು ಗೇಣು ಅಗಲಕ್ಕೆ ಸುತ್ತ ಸುಲಿದು, ಬಿಳಿ ಕಟ್ಟಿಗೆಯ ಮೇಲೆ ಉಳಿದ ಲೋಳೆ ಪದರವನ್ನೂ ಕೆರೆದು ತೆಗೆಯಬೇಕು. ಒಂದು ಬೆರಳಗಲ ತೊಗಟೆ ಉಳಿದರೂ ಸೇತುವೆ ಕಟ್ಟಿಕೊಳ್ಳುತ್ತದೆ. ಜಾಲಿ, ಸುಬಾಬುಲ್ ಆದರೆ ಸುಲಿದ ಜಾಗದ ಕೆಳಗಿನಿಂದ ಚಿಗುರುತ್ತವೆ. ಬಂಡೀಪುರ, ವಯನಾಡು ಕಾಡುಗಳಲ್ಲಿ ಹಬ್ಬಿರುವ ಹಳದಿ ಹೂವಿನ ಸೆನ್ನಾ ಮರಕ್ಕೆ ಎದೆಮಟ್ಟದಿಂದ ನೆಲದವರೆಗೂ ಪೂರ್ತಿ ತೊಗಟೆ ತೆಗೆಯುವುದು, ನಂತರ ಬರುವ ಚಿಗುರನ್ನೂ ಆಗಾಗ ಮುರಿಯುವುದು ಇದೇ ಕಾರಣಕ್ಕೆ. ಒಣಗಿ ನಿಂತ ಮರ ಯಾವಾಗ ಬೀಳುತ್ತದೆ ಎಂದು ಹೇಳಿಕೇಳಿ ಬೀಳುವುದಿಲ್ಲ. ಮನೆ, ದಾರಿ, ದನದ ಕೊಟ್ಟಿಗೆ ಹತ್ತಿರ ಇದು ಬೇಡ.

ನೀಲಗಿರಿ ತೋಪು ತೆಗೆದು ರಾಗಿ ಹಾಕಬೇಕು. ಬೊಡ್ಡೆಗಳನ್ನು ಏನು ಮಾಡುವುದು?

ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ. ಕೂಳೆ ಬೆಳೆ ಬರಲೆಂದೇ ನೆಟ್ಟ ಮರ ಅದು. ಒಮ್ಮೆ ನೆಟ್ಟು ಮೂರು-ನಾಲ್ಕು ಸಲ ಕಟಾವು ಮಾಡುವುದೇ ಅದರ ಲಾಭ. ಹಾಗಾಗಿ ತಾನಾಗಿ ಸಾಯಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಹಳೆ ಬೊಡ್ಡೆಗಳಿಗೆ ಆದೇಶ ಓದಿ ಹೇಳಲಾಗದು.

ಎಕರೆಗಟ್ಟಲೆ ಇದ್ದರೆ ಯಂತ್ರವೇ ಸರಿ. ಬೊಡ್ಡೆ ಎತ್ತಿಸಿ, ಬೇರು ಆರಿಸಿ, ಆಳ ಉಳುಮೆ ಮಾಡಿಸಿ, ಮತ್ತೊಮ್ಮೆ ಬೇರು ಆರಿಸಬೇಕು. ಉಳಿದ ಬೇರುತುಂಡು ಚಿಗುರುವುದು ಅಪರೂಪ, ಆದರೆ ನೇಗಿಲ ಗುಳ ಮುರಿಯುತ್ತದೆ. ಅಲ್ಪಸ್ವಲ್ಪ ಇದ್ದರೆ ಬೊಡ್ಡೆಯನ್ನು ನೆಲಮಟ್ಟಕ್ಕೆ ಕೊಯ್ದು, ಸುತ್ತಲಿನ ಉಬ್ಬನ್ನು ಕೊಡಲಿಯಿಂದ ಕೆತ್ತಿ, ಮೇಲೆ ಕಪ್ಪು ಟಾರ್ಪಾಲು ಹೊದಿಸಿ ಅಂಚಿಗೆ ಮಣ್ಣು ಹಾಕಿ. ಬೆಳಕಿಲ್ಲದೆ ಬಂದ ಚಿಗುರು ಬಿಳಿಚಿಕೊಂಡು ಸೋಲುತ್ತದೆ. ಟಾರ್ಪಾಲು ಒಂದು ವರ್ಷವಾದರೂ ಇರಬೇಕು, ಹರಿದರೆ ಅಲ್ಲಿಂದಲೇ ತಲೆ ಹಾಕುತ್ತದೆ.

ಮೊದಲ ವರ್ಷ ರಾಗಿ ಸೊರಗಿದರೆ ಗಾಬರಿ ಬೇಡ. ಅಡಿಯ ತೇವ ಬತ್ತಿರುತ್ತದೆ, ಕೊಳೆಯುವ ಬೇರು ಸಾರಜನಕ ಎಳೆದುಕೊಳ್ಳುತ್ತಿರುತ್ತದೆ. ಕೊಟ್ಟಿಗೆ ಗೊಬ್ಬರ ಹಾಕಿ ಮೊದಲು ಹುರುಳಿ ಅಥವಾ ಅಲಸಂದೆ ಬಿತ್ತಿ, ರಾಗಿ ಮರುವರ್ಷಕ್ಕಿರಲಿ.

ಬೊಡ್ಡೆ ಬೇಗ ಕೊಳೆಯಲು ಏನು ಮಾಡಬೇಕು?

ಸತ್ತ ಬೊಡ್ಡೆಗೆ ಮಾತ್ರ ಈ ಮಾತು. ಒಂದಿಂಚಿನ ಬಿಟ್‌ನಿಂದ ಒಂದು ಗೇಣು ಆಳದ ತೂತುಗಳನ್ನು ನಾಲ್ಕು ಇಂಚಿಗೊಂದರಂತೆ ಕೊರೆದು, ಸಗಣಿ ಬಗ್ಗಡಕ್ಕೆ ಒಂದು ಹಿಡಿ ಯೂರಿಯಾ ಸೇರಿಸಿ ತುಂಬಿ, ಮೇಲೆ ಮಣ್ಣು-ತರಗು ಮುಚ್ಚಿ ತೇವ ಆರದಂತೆ ಇಡಿ. ಕೊಳೆಸುವುದು ಅಣಬೆ, ಅದಕ್ಕೆ ನೀರು ಮತ್ತು ಸಾರಜನಕ ಬೇಕು. ಆದರೂ ವರ್ಷಗಳ ಮಾತೇ. ಗೆದ್ದಲು ಬಂದರೆ ಕೆಲಸ ಬೇಗ, ಹೊಲದಲ್ಲಾದರೆ ಬರಲಿ ಬಿಡಿ. ಮನೆಯಿಂದ ಹತ್ತು-ಹದಿನೈದು ಅಡಿಯೊಳಗಿನ ಬೊಡ್ಡೆಯನ್ನು ಕೊಳೆಯಲು ಬಿಡದೆ ಕಿತ್ತೇ ತೆಗೆಯಿರಿ.

ಗೋಡೆ, ಟ್ಯಾಂಕು, ದೇವಸ್ಥಾನದ ಮೇಲೆ ಅರಳಿ ಗಿಡ ಹುಟ್ಟಿದೆ. ಕಿತ್ತರೂ ಬರುತ್ತದೆ.

ಹಕ್ಕಿ ಹಿಕ್ಕೆಯಲ್ಲಿ ಬಂದ ಬೀಜ. ಎರಡೆಲೆ ಇರುವಾಗ ಬೆರಳಿನಲ್ಲಿ ಬರುತ್ತದೆ. ಬೆರಳು ದಪ್ಪವಾದ ಮೇಲೆ ಎಳೆದರೆ ಬರುವುದು ಗಿಡವಲ್ಲ, ಇಟ್ಟಿಗೆ. ಬೇರು ಗಾರೆಯ ಸಂದಿಯಲ್ಲಿ ಚಪ್ಪಟೆಯಾಗಿ ಹರಿದಿರುತ್ತದೆ. ಗಿಡದ ಸುತ್ತಲಿನ ಗಾರೆಯನ್ನು ಉಳಿಯಿಂದ ಬಿಡಿಸುತ್ತ ಬೇರನ್ನು ಹಿಂಬಾಲಿಸಿ, ಸಿಕ್ಕಷ್ಟು ತೆಗೆಯಿರಿ. ಸಿಗದ ತುದಿಯನ್ನು ಕೊಯ್ದು, ಹಾಲು ಒರೆಸಿ, ಮೇಲೆ ಹೇಳಿದ ದ್ರಾವಣವನ್ನು ಸಣ್ಣ ಬ್ರಷ್‌ನಿಂದ ಕೂಡಲೇ ಹಚ್ಚಿಸಿ. ಎರಡು ತಿಂಗಳು ಸಂದಿ ತೆರೆದಿಟ್ಟು ಚಿಗುರು ಬರುತ್ತದೆಯೇ ನೋಡಿ, ಬಂದರೆ ಮತ್ತೆ ಅದೇ. ಬರದಿದ್ದರೆ ಗಾರೆ ತುಂಬಿ. ಹಳೆಯ ಸುಣ್ಣದ ಗಾರೆಯ ಕಟ್ಟಡಕ್ಕೆ ಸುಣ್ಣದ ಗಾರೆಯೇ ಆಗಬೇಕು. ಸಿಮೆಂಟು ಮೆತ್ತಿದರೆ ಪಕ್ಕದಲ್ಲಿ ಬಿರುಕು ಬಿಟ್ಟು ಮುಂದಿನ ಬೀಜಕ್ಕೆ ಮನೆ ಸಿದ್ಧವಾಗುತ್ತದೆ. ಸಂರಕ್ಷಿತ ಸ್ಮಾರಕವಾದರೆ ಕೈ ಹಾಕದೆ ಪುರಾತತ್ವ ಇಲಾಖೆಗೆ ತಿಳಿಸಿ.

ಅರಳಿ ಕೀಳಲು ಮನಸ್ಸು ಒಪ್ಪದಿದ್ದರೆ ಎಳೆಯದನ್ನು ಬೇರು ಸಮೇತ ಬಿಡಿಸಿ ಕುಂಡದಲ್ಲಿಡಿ. ಒಂದು ಮಳೆಗಾಲ ಕಳೆದ ಮೇಲೆ ಊರ ಕಟ್ಟೆಗೆ ನೆಡಬಹುದು.

ಮನೆ ಪಕ್ಕದ ದೊಡ್ಡ ಮರ ತೆಗೆದರೆ ಗೋಡೆ ಬಿರುಕು ಬಿಡುತ್ತದೆಯೇ?

ಕೆಂಪು ಮಣ್ಣಿನಲ್ಲಿ ಸಾಮಾನ್ಯವಾಗಿ ಇಲ್ಲ. ಎರೆಮಣ್ಣಿನಲ್ಲಿ ಸಾಧ್ಯ. ಮರ ನೀರು ಹೀರುತ್ತಿದ್ದಾಗ ಕುಗ್ಗಿ ನಿಂತಿದ್ದ ಮಣ್ಣು ಮರ ಹೋದ ಮೇಲೆ ಉಬ್ಬುತ್ತದೆ. ಮನೆಗಿಂತ ಮರ ಹಳೆಯದಾಗಿದ್ದರೆ ಕಡಿಯುವ ಮೊದಲು ಎಂಜಿನಿಯರ್‌ಗೆ ತೋರಿಸಿ.

ಏನೂ ಮಾಡದೆ ಕಡಿದರೆ ಸಾಕು ಎನ್ನುವ ಮರಗಳು ಇಲ್ಲವೇ?

ಇವೆ. ತೆಂಗು, ಅಡಿಕೆ, ಈಚಲಿನ ಒಂಟಿ ಕಾಂಡ. ಸರ್ವೆಯನ್ನು ನೆಲಮಟ್ಟಕ್ಕೆ ಕಡಿದರೆ ಸಾಮಾನ್ಯವಾಗಿ ಮುಗಿಯಿತು. ಮಲೆನಾಡಿನ ಅಕೇಶಿಯಾ ಬುಡದಿಂದ ಅಷ್ಟಾಗಿ ಚಿಗುರದು. ಆದರೆ ಬೀಜದಿಂದ, ಅದರಲ್ಲೂ ಬೆಂಕಿ ಬಿದ್ದ ಮೇಲೆ, ಹುಲ್ಲಿನಂತೆ ಏಳುತ್ತದೆ.

ಜಾಲಿ ಮುಳ್ಳು ಚುಚ್ಚಿದರೆ?

ತುದಿ ಒಳಗೆ ಮುರಿದು ಉಳಿಯುವುದೇ ಇದರ ಕಷ್ಟ. ಸೋಪು ನೀರಿನಲ್ಲಿ ತೊಳೆದು, ತುದಿ ಕಂಡರೆ ತೆಗೆಯಿರಿ. ಕೀಲಿನ ಹತ್ತಿರ ಚುಚ್ಚಿದ್ದರೆ, ಎರಡನೆಯ ದಿನ ಊದಿದ್ದರೆ ಆಸ್ಪತ್ರೆಗೆ ಹೋಗಿ. ಟಿಟಿ ಇಂಜೆಕ್ಷನ್ ಯಾವಾಗ ಆಗಿತ್ತು ನೆನಪಿಸಿಕೊಳ್ಳಿ. ಹವಾಯಿ ಚಪ್ಪಲಿಯಲ್ಲಿ ಈ ಕೆಲಸಕ್ಕೆ ಇಳಿಯಬಾರದು. ಟ್ರ್ಯಾಕ್ಟರ್ ಟೈರನ್ನೇ ಬಿಡದ ಮುಳ್ಳು ಅದು.

ಬೊಡ್ಡೆ ಎಲ್ಲ ಕಿತ್ತಾಯಿತು. ಮಳೆ ಬಿದ್ದ ಕೂಡಲೇ ನೂರಾರು ಸಸಿ ಬಂದಿವೆ!

ಬರಲೇಬೇಕು. ಮಣ್ಣಿನಲ್ಲಿ ಬೀಜದ ದಾಸ್ತಾನು ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಗಟ್ಟಿ ಹೊಟ್ಟಿನ ಬೀಜ ಅದು, ಕಾಯಿ ತಿಂದ ಆಡು-ದನಗಳ ಹೊಟ್ಟೆಯಲ್ಲಿ ಹಾದು ಬಂದರೆ ಇನ್ನೂ ಚೆನ್ನಾಗಿ ಮೊಳೆಯುತ್ತದೆ, ಸಗಣಿ ಗೊಬ್ಬರದ ಸಮೇತ. ಜಾಲಿಕಾಯಿ ತಿಂದ ಕುರಿ ಮಂದೆಯನ್ನು ಹೊಲದಲ್ಲಿ ಕೂರಿಸುವುದೆಂದರೆ ದುಡ್ಡು ಕೊಟ್ಟು ಜಾಲಿ ಬಿತ್ತಿಸಿದಂತೆ. ಕಾಯಿ ಉದುರುವ ತಿಂಗಳುಗಳಲ್ಲಿ ಮಂದೆ ಬೇಡ. ಕೊಟ್ಟಿಗೆ ಗೊಬ್ಬರವನ್ನು ತಿಪ್ಪೆಯಲ್ಲಿ ಬಿಸಿಯೇರಿ ಪೂರ್ತಿ ಕಳಿತ ಮೇಲೆಯೇ ಹಾಕಿ.

ಸಸಿ ಒಂದು ಗೇಣು ಇರುವಾಗ, ಮಣ್ಣು ಹಸಿಯಿರುವಾಗ ಕಿತ್ತರೆ ಬೇರು ಸಮೇತ ಬರುತ್ತದೆ. ಒಂದು ವರ್ಷ ಬಿಟ್ಟರೆ ಅದಕ್ಕೂ ಬುಡದ ಗಂಟು ಕಟ್ಟಿರುತ್ತದೆ, ಆಮೇಲೆ ಪಿಕಾಸಿಯೇ ಗತಿ. ನೆಲವನ್ನು ಖಾಲಿ ಬಿಡಬೇಡಿ. ಎಳೆ ಜಾಲಿಗೆ ನೆರಳು ಆಗಿಬರುವುದಿಲ್ಲ. ಒತ್ತಾಗಿ ಬಿತ್ತಿದ ಜೋಳ, ಹುರುಳಿ, ಮೇವಿನ ಹುಲ್ಲು ಅದನ್ನು ಮೇಲೇಳಗೊಡುವುದಿಲ್ಲ. ಬದುವಿನಲ್ಲಿ ಬೇವು, ಹುಣಸೆ, ಹೊಂಗೆ ನೆಟ್ಟರೆ ಐದಾರು ವರ್ಷಕ್ಕೆ ಅವುಗಳ ನೆರಳೇ ಕಾವಲು. ಬದುವಿನ ಬೇಲಿಗೆ ಅದೇ ಜಾಲಿಮುಳ್ಳನ್ನು ಕಾಯಿ ಸಮೇತ ಹಾಕಬೇಡಿ. ಕಾಯಿ ಬಿಡಿಸಿ ಸುಟ್ಟು, ಮುಳ್ಳನ್ನು ಬೇಲಿಗೆ, ಕಾಂಡವನ್ನು ಇದ್ದಿಲಿಗೆ ಕೊಡಿ. ಜಾಲಿ ಇದ್ದಿಲಿಗೆ ಒಳ್ಳೆಯ ಕಾವಿದೆ, ಕೊಳ್ಳುವವರೂ ಇದ್ದಾರೆ.